ಬೀಗರ ಸಾಲು, ನನ್ನ ಸಾಲು

ಆಟೋದ ನಂಬರು 306 ಇದ್ದರೆ ನಾನು ಹತ್ತುವುದಿಲ್ಲ. ವಿಜಯಪುರದ ಸಿದ್ಧೇಶ್ವರ ಗುಡಿಯ ಮುಂದೆ ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು, ನೆತ್ತಿ ಸುಡುವ ಬಿಸಿಲಲ್ಲಿ ನಿಂತಾಗ ಅಂಥದೊಂದು ಖಾಲಿ ಆಟೋ ಬಂದು ನಿಂತಿತ್ತು. ಬೇಡ ಹೋಗಪ್ಪಾ ಎಂದು ಕಳಿಸಿಬಿಟ್ಟೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ನೀಲಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಂದೆ ನಡೆದಳು. ಇಬ್ರಾಹಿಂಪುರದ ನಮ್ಮ ಮನೆಯವರೆಗೆ ಬೆವರು ಸುರಿಸುತ್ತ ನಡೆದು ಬಂದು, ಚೀಲ ಇಳಿಸಿ, ಒಂದು ತಂಬಿಗೆ ನೀರು ಕುಡಿದಾದ ಮೇಲೆ, ಇಷ್ಟು ವರ್ಷ ಹುಡುಗರಿಗೆ ಗಣಿತ ಕಲಿಸಿದವರ ಲಕ್ಷಣ ಇದೇ ಏನು ಎಂದು ಕೇಳಿದಳು. ನನ್ನ ಹತ್ತಿರ ಉತ್ತರವಿತ್ತು. ಆದರೆ ಅದನ್ನು ಹೇಳಲು ಅರ್ಧ ತಾಸು ಬೇಕಾಗುತ್ತಿತ್ತು, ಅವಳು ಅಷ್ಟು ಹೊತ್ತಿಗೆ ಒಳಗೆ ಹೋಗಿಬಿಟ್ಟಿದ್ದಳು.

ನಿಮಗೆ ಹೇಳುತ್ತೇನೆ, ನೀವು ಎದ್ದು ಹೋಗುವವರಲ್ಲ ಎಂಬ ನಂಬಿಕೆ ಇದೆ. ಆದರೆ ಮೊದಲೇ ಒಂದು ಮಾತು. ನಾನು ಹುಟ್ಟಾ ಅಂಜುಬುರುಕ. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮನೆಗೆ ತಿರುಗಿ ಬಂದಿದ್ದೇನೆ, ಬಂದು ನೋಡಿದರೆ ನೀಲಾ ಅದೇ ಗ್ಯಾಸಿನ ಮೇಲೆ ಚಹಾ ಕಾಸುತ್ತಿರುತ್ತಾಳೆ. ಪರೀಕ್ಷೆಯ ದಿನ ಹುಡುಗರಿಗಿಂತ ಮೊದಲು ಶಾಲೆ ಮುಟ್ಟಿ ಪ್ರಶ್ನೆಪತ್ರಿಕೆಗಳನ್ನು ಮೂರು ಸಲ ಎಣಿಸುತ್ತಿದ್ದವನು ನಾನು. ಇಂಥವನಿಗೆ ದೇವರು ಅಂಕಿಯ ಹುಚ್ಚು ಹಿಡಿಸಬಾರದಿತ್ತು. ಹಿಡಿಸಿದ.

ಹಿಡಿದದ್ದು ಬಬಲೇಶ್ವರದ ಹತ್ತಿರದ ಜೈನಾಪುರದಲ್ಲಿ, ತಾಯಿಯ ತವರಿನಲ್ಲಿ. ಶಾಲೆಗೆ ಸೂಟಿ ಬಿಟ್ಟರೆ ನಾನು ಅಲ್ಲೇ. ಅಲ್ಲಿ ನಮ್ಮ ಆಯಿಯ, ಅಂದರೆ ತಾಯಿಯ ತಾಯಿಯ, ಒಂದು ಕಟ್ಟುನಿಟ್ಟು ಇತ್ತು: ರೊಟ್ಟಿ ಎಣಿಸಬಾರದು. ಬುಟ್ಟಿಯಲ್ಲಿ ಜೋಳದ ರೊಟ್ಟಿ ಏರುತ್ತಿದ್ದರೆ ನನ್ನ ಬೆರಳು ತಾನಾಗಿ ಆಡುತ್ತಿತ್ತು, ಆಯಿ ಒಲೆಯ ಮುಂದಿನಿಂದಲೇ ಗದರುತ್ತಿದ್ದಳು. ತಿನ್ನುವ ವಸ್ತು ಎಣಿಸಿದರೆ ಬರಕತ್ತು, ಮನೆಯ ಸಮೃದ್ಧಿ, ಹೋಗುತ್ತದಂತೆ. ಆ ಅಂಜಿಕೆ ನನ್ನಲ್ಲಿ ಇನ್ನೂ ಇದೆ. ಊಟಕ್ಕೆ ಕುಳಿತಾಗ ಎಷ್ಟನೆಯ ರೊಟ್ಟಿ ಎಂದು ನನಗೆ ಗೊತ್ತಿರುವುದಿಲ್ಲ, ಹೀಗಾಗಿ ಒಂದು ಹೆಚ್ಚೇ ಹೋಗುತ್ತದೆ.

ನನ್ನ ಸಂಕಟ ನೋಡಿ ಸೋದರಮಾವ ಒಂದು ಮುಷ್ಟಿ ಹುಣಸೆ ಬೀಜ ತಂದುಕೊಟ್ಟ. ಇವನ್ನು ಬೇಕಾದಷ್ಟು ಎಣಿಸು, ಯಾರ ಬರಕತ್ತೂ ಹೋಗುವುದಿಲ್ಲ ಎಂದ. ಜೊತೆಗೆ ಒಂದು ಆಟವನ್ನೂ ಹೇಳಿಕೊಟ್ಟ. ಹನ್ನೆರಡು ಬೀಜ ತಗೋ. ಅದನ್ನು ಸಮನಾದ ಗುಂಪು ಮಾಡು. ಒಂದೊಂದರ ಗುಂಪು ಆಗುತ್ತದೆ, ಎರಡೆರಡರದು ಆಗುತ್ತದೆ, ಮೂರು, ನಾಲ್ಕು, ಆರರದೂ ಆಗುತ್ತದೆ. ಐದರದು ಆಗುವುದಿಲ್ಲ, ಬೀಜ ಉಳಿಯುತ್ತದೆ. ಇಡೀ ಹನ್ನೆರಡನ್ನೇ ಒಂದು ಗುಂಪು ಅನ್ನುವಂತಿಲ್ಲ. ಈಗ ಆದವನ್ನು ಕೂಡಿಸು: ಒಂದು, ಎರಡು, ಮೂರು, ನಾಲ್ಕು, ಆರು, ಒಟ್ಟು ಹದಿನಾರು. ಮತ್ತೆ ಹದಿನಾರಕ್ಕೂ ಹಾಗೇ ಮಾಡಿದರೆ ಹದಿನೈದು. ಹದಿನೈದು ಒಡೆದರೆ ಒಂಬತ್ತು, ಒಂಬತ್ತು ಒಡೆದರೆ ನಾಲ್ಕು, ನಾಲ್ಕು ಒಡೆದರೆ ಮೂರು. ಮೂರಕ್ಕೆ ಒಂದೊಂದರ ಗುಂಪು ಬಿಟ್ಟರೆ ಬೇರೆ ಇಲ್ಲ. ಒಂದು ಬಂತು, ಆಟ ಮುಗಿಯಿತು.

ನಾನು ಅತ್ತೆನಂತೆ. ಹನ್ನೆರಡು ಎಲ್ಲಿ ಹೋಯಿತು ಎಂದು ಅತ್ತೆನಂತೆ. ಮಾಮ ಸಮಾಧಾನಕ್ಕೆ ಇಪ್ಪತ್ತೆಂಟು ಬೀಜ ಹರವಿ ತೋರಿಸಿದ. ಒಂದು, ಎರಡು, ನಾಲ್ಕು, ಏಳು, ಹದಿನಾಲ್ಕು. ಕೂಡಿಸಿದರೆ ತಿರುಗಿ ಇಪ್ಪತ್ತೆಂಟೇ.

"ನೋಡಲೇ, ಇದು ಎಲ್ಲಿ ಹೋದ್ರೂ ಹೊಳ್ಳಿ ಮನಿಗೇ ಬರತೈತಿ," ಎಂದ.

ಅವತ್ತಿನಿಂದ ಲೋಕದ ಸಂಖ್ಯೆಗಳೆಲ್ಲ ನನ್ನ ಪಾಲಿಗೆ ಎರಡು ಜಾತಿಯವಾದವು. ಮನೆಗೆ ಮರಳುವವು, ಮತ್ತು ನಾನು ಚಿಂತೆ ಮಾಡಬೇಕಾದವು.

ಎರಡನೆಯ ಜಾತಿಯವು ಬಹಳ. 276 ಎಂಬ ಪುಟ್ಟ ಸಂಖ್ಯೆಯನ್ನು ಹೀಗೆ ಒಡೆದು ಕೂಡಿಸುತ್ತ ಹೊರಟರೆ ಅದು ಏರುತ್ತಲೇ ಹೋಗುತ್ತದೆ. ಎಲ್ಲಿ ಮುಗಿಯುತ್ತದೆ, ಮುಗಿಯುತ್ತದೋ ಇಲ್ಲವೋ, ಇಂದಿಗೂ ಯಾರಿಗೂ ಗೊತ್ತಿಲ್ಲ. ಒಂದರಿಂದ ಒಂದು ಹುಟ್ಟುವ ಇಂಥ ಸಂಖ್ಯೆಗಳ ಸಾಲುಗಳ ಬೆನ್ನು ಹತ್ತಿದ ಜನ ಲೋಕದ ತುಂಬ ಇದ್ದಾರೆ. ಸಂಬಳವಿಲ್ಲ, ಬಹುಮಾನವಿಲ್ಲ. ಒಬ್ಬೊಬ್ಬರು ಒಂದೊಂದು ಸಂಖ್ಯೆ ಹಿಡಿದು, ಮನೆಯ ಕಂಪ್ಯೂಟರಿಗೆ ಹಚ್ಚಿ, ಅದು ಎಲ್ಲಿಗೆ ಬಂತು ಎಂದು ಬಳಗಕ್ಕೆ ತಿಳಿಸುತ್ತಿರುತ್ತಾರೆ. ನೌಕರಿಯಿಂದ ನಿವೃತ್ತನಾದ ಮೇಲೆ ನಾನೂ ಅಂಥದೊಂದು ಬಳಗ ಸೇರಿಕೊಂಡೆ. ಏಳಂಕಿಯ ಒಂದು ಸಂಖ್ಯೆ ನನ್ನ ಪಾಲಿಗೆ ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ, ದೃಷ್ಟಿಯಾದೀತು. ನಡುಮನೆಯ ಮೂಲೆಯಲ್ಲಿ ಹಳೆಯ ಕಂಪ್ಯೂಟರು ಗುಂಯ್ ಎನ್ನುತ್ತ ನೂರಂಕಿಯ ಸಂಖ್ಯೆಗಳನ್ನು ಒಡೆಯುತ್ತಿರುತ್ತದೆ. ಹಿಂದಿನ ಹಳಿಯ ಮೇಲೆ ರೈಲು ಹೋದರೆ ಅದೂ ನಡುಗುತ್ತದೆ, ನಾನೂ ನಡುಗುತ್ತೇನೆ. ಕರೆಂಟಿನ ಬಿಲ್ಲು ಬಂದ ದಿನ ನೀಲಾ ಅದನ್ನು ದೇವರ ಮುಂದೆ ಇಡುತ್ತಾಳೆ.

ಈಗ 306ರ ಮಾತು. ಅದನ್ನು ಒಡೆದರೆ 396 ಬರುತ್ತದೆ. 276 ಒಡೆದರೂ 396. ಅಂದರೆ ಮೊದಲ ಹೆಜ್ಜೆಗೇ ಎರಡೂ ಒಂದಾದವು, ಮುಂದೆ ಒಂದೇ ದಾರಿ. ಹೀಗೆ ಎರಡು ಸಾಲು ಕೂಡಿದರೆ ಸಣ್ಣ ಸಂಖ್ಯೆಯ ಹೆಸರು ಉಳಿಯುತ್ತದೆ, ದೊಡ್ಡದನ್ನು ಬಿಟ್ಟುಬಿಡುತ್ತಾರೆ. 276 ಲೋಕಪ್ರಸಿದ್ಧವಾಯಿತು, 306ನ್ನು ಕೇಳುವವರಿಲ್ಲ. ನಮ್ಮ ಬಳಗದ ಕಟ್ಟಳೆಯೂ ಅದೇ. ನಿನ್ನ ಸಾಲು ಕೆಳಗಿಳಿದರೆ, ಬೇರೆ ಯಾರದಾದರೂ ಸಾಲಿಗೆ ಕೂಡಿತೇನು ಎಂದು ಹೋಲಿಸಿ ನೋಡುವ ಹೊಣೆ ನಿನ್ನದು. ಕೂಡಿದ್ದರೆ, ಮತ್ತು ನಿನ್ನದು ದೊಡ್ಡ ಸಂಖ್ಯೆಯಾಗಿದ್ದರೆ, "ಕೂಡಿತು" ಎಂದು ಒಂದು ಮಾತು ಹೇಳಿ ಕೈ ಬಿಡಬೇಕು. 306ರ ಗತಿ ನನ್ನ ಸಂಖ್ಯೆಗೂ ತಗುಲೀತು ಎಂದೇ ನಾನು ಆ ಆಟೋ ಹತ್ತುವುದಿಲ್ಲ.

ಈ ಹುಚ್ಚಿಗೆ ಒಬ್ಬ ಜೊತೆಗಾರ ಸಿಕ್ಕಿದ್ದು ತಿಕೋಟಾದಲ್ಲಿ, ಅದೂ ಮಗಳ ಮದುವೆಯ ಮಾತುಕತೆಯ ದಿನ. ಶೈಲಾ ನಮಗೆ ಒಬ್ಬಳೇ ಮಗಳು. ಹುಡುಗ ಅಶೋಕ, ಮನೆಯಲ್ಲಿ ದ್ರಾಕ್ಷಿ ತೋಟ. ಹಿರಿಯರೆಲ್ಲ ಕೊಡುವ ಬಿಡುವ ಮಾತಿನಲ್ಲಿದ್ದರು. ಎದುರಿಗೆ ತಾಟಿನಲ್ಲಿ ಒಣದ್ರಾಕ್ಷಿ ಇಟ್ಟಿದ್ದರು. ತಿನ್ನುವುದನ್ನು ಎಣಿಸಬಾರದು ಎಂಬುದೂ ಮರೆತು ನನ್ನ ಬೆರಳು ಅವನ್ನು ಸಣ್ಣ ಸಣ್ಣ ಗುಂಪು ಮಾಡತೊಡಗಿತ್ತು. ಒಂದು, ಎರಡು, ನಾಲ್ಕು, ಏಳು. ಮುಂದಿನ ಗುಂಪಿಗೆ ಹದಿಮೂರು ಆದವು, ತಾಟು ಖಾಲಿ. ಆಗ ಎದುರಿಗಿದ್ದ ಹುಡುಗನ ತಂದೆ ಸಂಗಪ್ಪನವರು ಬಾಯಿಗೆ ಹಾಕಿಕೊಳ್ಳಬೇಕೆಂದಿದ್ದ ಒಂದು ದ್ರಾಕ್ಷಿಯನ್ನು ಸುಮ್ಮನೆ ನನ್ನ ಗುಂಪಿಗೆ ಸೇರಿಸಿದರು.

"ಇಪ್ಪತ್ತೆಂಟಾತಲ್ರಿ, ಬೀಗರ," ಎಂದರು.

ಲಗ್ನ ಗೊತ್ತಾಗುವ ಮೊದಲೇ ಅವರ ಬಾಯಲ್ಲಿ ಬೀಗರು ಎಂಬ ಮಾತು ಬಂದುಬಿಟ್ಟಿತ್ತು. ಅವರೂ ಕಾಲೇಜಿನಲ್ಲಿ ಗಣಿತ ಓದಿ ತೋಟಕ್ಕೆ ಮರಳಿದವರು. ಮದುವೆಯ ಮರುತಿಂಗಳು ನಮ್ಮ ಬಳಗ ಸೇರಿ, ಯಾರೋ ಬಹಳ ದಿನ ನಡೆಸಿ ಬಿಟ್ಟುಕೊಟ್ಟಿದ್ದ ಒಂದು ಆರಂಕಿಯ ಸಂಖ್ಯೆ ಹಿಡಿದರು. ನನ್ನದು ಏಳಂಕಿ, ಅವರದು ಆರಂಕಿ, ಎಲ್ಲಾದರೂ ಕೂಡಿದರೆ ಕೈ ಬಿಡಬೇಕಾದವನು ನಾನೇ. ಹೆಣ್ಣು ಕೊಟ್ಟವರು ಎಲ್ಲಿ ಹೋದರೂ ಕೆಳಗೇ ಎಂದು ಆಗಲೇ ನನಗೆ ಅನಿಸಿತ್ತು.

ಬೀಗರು ಬೀಗರು ಮಾತಾಡುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ನಾವು ಫೋನು ಮಾಡಿದರೆ ಮಗಳ ಪರ ದೂರು ತಂದಂತೆ, ಅವರು ಮಾಡಿದರೆ ಏನೋ ಬೇಡಿದಂತೆ. ಮಳೆ ಹೇಗೆ, ಮೈ ಹೇಗೆ, ಮುಗಿಯಿತು. ನಮ್ಮಿಬ್ಬರಿಗೆ ಮಾತ್ರ ಅಂಕಿಯ ದೆಸೆಯಿಂದ ರವಿವಾರದ ಫೋನು ಕಾಯಂ ಆಯಿತು. ನಾಷ್ಟಾ ಆದ ಮೇಲೆ ನಾನು ಹಚ್ಚುವುದು. ಸಂಖ್ಯೆ ಎಷ್ಟು ಅಂಕಿಯದು ಎಂದು ಹೇಳಿ, ಕೊನೆಯ ಐದು ಅಂಕಿ ಮಾತ್ರ ಓದುವುದು. ಆ ಐದಕ್ಕೆ ನಾವು ಬಾಲ ಅನ್ನುತ್ತೇವೆ. "ನಿಮ್ಮ ಬಾಲ ಹೇಳ್ರಿ ಬೀಗರ" ಎಂದು ಅವರು ಗಟ್ಟಿಯಾಗಿ ಕೇಳಿದಾಗ ಒಳಗೆ ನೀಲಾ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಹೋದ ದಸರೆಯ ಹೊತ್ತಿಗೆ ನಗು ನಿಂತಿತು. ದ್ರಾಕ್ಷಿ ಬಳ್ಳಿ ಸವರುವ ಗಡಿಬಿಡಿಯಲ್ಲಿ ಶೈಲಾ ಒಂದು ಚೀಲ ಹಿಡಿದು ತಿಕೋಟಾದ ಬಸ್ಸಿಳಿದು ಬಂದಳು. ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದಳು. ನಾಲ್ಕು ದಿನ ಕಳೆದವು, ದೀಪಾವಳಿ ಕಳೆಯಿತು, ಅವಳು ಹೋಗಲಿಲ್ಲ. ಏನಾಯಿತು ಎಂದು ನಾನು ಕೇಳಲಿಲ್ಲ, ಕೇಳುವ ಧೈರ್ಯ ನನಗಿಲ್ಲ. ನೀಲಾ ಕೇಳಿ ತಿಳಿದದ್ದು ಇಷ್ಟು. ಶೈಲಾ ವಿಜಯಪುರಕ್ಕೆ ದಿನಾ ಬಂದು ಬಿ.ಎಡ್. ಓದುತ್ತೇನೆ ಎಂದಿದ್ದಾಳೆ. ಕೆಲಸದ ಸಿಟ್ಟಿನಲ್ಲಿದ್ದ ಅಶೋಕ ಆಳುಗಳೆಲ್ಲ ಕೇಳುವಂತೆ, ಹೋಗು, ಯಾರು ಹಿಡಿದಿದ್ದಾರೆ ಎಂದಿದ್ದಾನೆ. ಹೋಗು ಅಂದವರು ಬಾ ಅನ್ನಲಿ ಎಂದು ಇವಳು. ತಾನಾಗಿ ಹೋದವಳು ತಾನಾಗಿ ಬರಲಿ ಎಂದು ಅವನು. ಇಬ್ಬರ ಫೋನೂ ಗಪ್ಪಾದವು.

ಎರಡು ಮನೆಗಳ ನಡುವೆ ಉಳಿದದ್ದು ರವಿವಾರದ ಬಾಲ ಒಂದೇ. ಬೀಗರು ಸೊಸೆಯ ಹೆಸರು ಎತ್ತುತ್ತಿರಲಿಲ್ಲ, ನಾನು ಅಳಿಯನ ಹೆಸರು ಎತ್ತುತ್ತಿರಲಿಲ್ಲ. ಎತ್ತಿದರೆ ಯಾರಾದರೂ ಒಬ್ಬರು ಏನಾದರೂ ಅಂದೇಬಿಡುತ್ತಾರೆ, ಅಂದ ಮಾತು ಹಿಂದಕ್ಕೆ ಬರುವುದಿಲ್ಲ. ಅಂಕಿ ಓದಿದರೆ ಆ ಭಯವಿಲ್ಲ. ಈ ಫೋನು ಒಂದು ನಡೆದಿರುವ ತನಕ ಸಂಬಂಧ ಹರಿದಿಲ್ಲ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಮಗಳ ಸಂಸಾರ ಆ ಒಂದು ಎಳೆಯ ಮೇಲೆ ನಿಂತಿದೆ ಎಂದು ನಾನು ನಂಬಿದ್ದೆ.

ಸರಿಯಾಗಿ ಆಗಲೇ ನನ್ನ ಸಾಲು ಇಳಿಯತೊಡಗಿತು. ಇಷ್ಟು ವರ್ಷ ಏರುತ್ತಿದ್ದದ್ದು ಒಮ್ಮೆ ತಿರುಗಿ, ವಾರ ವಾರವೂ ಕುಸಿಯುತ್ತ ಬಂತು. ಇಳಿಯುವ ಸಾಲಿಗೆ ಒಂದು ಗಂಡಾಂತರವಿದೆ. ಎಲ್ಲಾದರೂ ಮೂರು, ಏಳು, ಹನ್ನೊಂದರ ಹಾಗೆ ಒಡೆಯಲಾಗದ ಸಂಖ್ಯೆಗೆ ಹೋಗಿ ಬಡಿದರೆ ಮುಂದಿನದು ಒಂದು, ಅಲ್ಲಿಗೆ ಮುಗಿಯಿತು. ಮುಗಿದರೆ ನಾನು ರವಿವಾರ ಏನು ಓದಲಿ? ಸತ್ತ ಸಾಲಿನ ಬಾಲ ಯಾರು ಕೇಳುತ್ತಾರೆ? ಹೊಸದೊಂದು ಹಿಡಿಯಬಹುದಲ್ಲ ಎನ್ನುತ್ತೀರಿ. ಹಿಡಿಯಬಹುದು. ಆದರೆ ಕುಂಟುತ್ತಾ ನಡೆದ ಮಾತು ಒಂದು ವಾರ ನಿಂತರೆ ಮತ್ತೆ ಶುರುವಾಗುವುದು ಸುಲಭವಲ್ಲ ಎಂದು ನನಗೆ ಗೊತ್ತಿತ್ತು. ಅನ್ನ ಸೇರದಾಯಿತು. ಎದ್ದವನೇ ಮುಖ ತೊಳೆಯದೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಸಂಖ್ಯೆ ಸಣ್ಣದಾದಷ್ಟೂ ಬೇಗ ಒಡೆಯುತ್ತದೆ, ಹೀಗಾಗಿ ಕೆಳಗೆ ಬಂದಂತೆ ಓಟ ಹೆಚ್ಚಾಯಿತು. ಒಂದು ಮುಂಜಾನೆ ನನ್ನ ಕಣ್ಣೆದುರೇ ಅದು ಹತ್ತಂಕಿಗೆ ಬಿತ್ತು. ಸಿದ್ಧೇಶ್ವರನಿಗೆ ಕಾಯಿ ಹರಕೆ ಹೊತ್ತೆ. ಸಾಲು ತಿರುಗಿತು. ಏರಿತು, ಏರಿತು, ಸಂಜೆಯೊಳಗೆ ಎಂಬತ್ತು ಅಂಕಿ ದಾಟಿತು. ನಾನು ಅವತ್ತು ಹೊಟ್ಟೆ ತುಂಬ ಉಂಡೆ.

ಮರುದಿನವೇ ಕಾಯಿ ಒಡೆಸಿ ಬಂದೆ. ರವಿವಾರ ಏರಿದ ಸುದ್ದಿ ಹೇಳಿ ಬಾಲ ಓದಿದಾಗ ಬೀಗರು ಒಂದು ಗಳಿಗೆ ಸುಮ್ಮನಿದ್ದು, ಛಲೋ ಆತ್ರಿ ಎಂದರು. ಮುಂದಿನ ವಾರಗಳಲ್ಲೂ ಹಾಗೇ, ಒಂದು ಗಳಿಗೆ ಸುಮ್ಮನಿರುವುದು, ಛಲೋ ಆತ್ರಿ ಅನ್ನುವುದು. ಫೋನಿನ ದೋಷ ಎಂದುಕೊಂಡೆ.

ಸಂಕ್ರಮಣ ಕಳೆದ ಮೇಲಿನ ಒಂದು ರವಿವಾರ. ಫೋನಿನ ಹೊತ್ತಿಗೆ ಮಾಳಿಗೆ ಏರಿಬಿಡುವ ಶೈಲಾ ಅವತ್ತು ನಡುಮನೆಯಲ್ಲೇ ಜೋಳ ಹಸನು ಮಾಡುತ್ತ ಕುಳಿತಿದ್ದಳು. ನಾನು ಓದಿ ಫೋನು ಇಟ್ಟೆ. ಅವಳು ಮೊರದಿಂದ ಕೈ ತೆಗೆಯದೆ ಕೇಳಿದಳು.

"ಅಪ್ಪಾ, ಆ ಬಾಲ ಇನ್ನೊಮ್ಮಿ ಓದು."

"ನಾಕು ನಾಕು ಸೊನ್ನಿ ನಾಕು ನಾಕು."

"ಇದು ಮಾವಾರ ಅಂಕಿ."

ಹಿಂದಿನ ವರ್ಷ ದ್ರಾಕ್ಷಿ ಒಣಹಾಕುವ ದಿನಗಳಂತೆ. ಶೆಡ್ಡಿನ ಬಲೆಗಳ ಮೇಲೆ ಗೊನೆ ಹರವುತ್ತಿದ್ದರಂತೆ. ಮಾವ ಕೆಳಗೆ ಕುಳಿತು ಫೋನು ನೋಡುತ್ತ ಈ ಐದು ಅಂಕಿ ಗಟ್ಟಿಯಾಗಿ ಓದಿದರಂತೆ. ಅದು ರವಿವಾರವಲ್ಲ, ಹಾಗಾಗಿ ನನ್ನ ಕಿವಿಗೆ ಬಿದ್ದಿರಲಿಲ್ಲ. ಏಣಿಯ ಮೇಲಿದ್ದ ಅಶೋಕ, ಈ ಅಂಕಿ ಛಲೋ ಇದೆ, ಹೋದರೂ ಅದೇ ಬಂದರೂ ಅದೇ ಎಂದು ಚೇಷ್ಟೆ ಮಾಡಿದನಂತೆ.

"ಅವತ್ತ ಭಾಳ ನಕ್ಕಿದ್ವಿ," ಎಂದಳು ಶೈಲಾ. ಮತ್ತೆ ಜೋಳದ ಹರಳು ಆರಿಸತೊಡಗಿದಳು. ಗಂಡನ ಮಾತು ಅವಳ ಬಾಯಲ್ಲಿ ಬಂದದ್ದು ದಸರೆಯಿಂದ ಅದೇ ಮೊದಲು. ನನಗೆ ಅದನ್ನು ಹಿಡಿದುಕೊಳ್ಳುವ ವ್ಯವಧಾನ ಇರಲಿಲ್ಲ.

ಬಳಗದ ಕಡತದಲ್ಲಿ ಬೀಗರ ಸಾಲು ತೆಗೆದು ನೋಡಿದೆ. ಬಾಲವಷ್ಟೇ ಅಲ್ಲ, ತಲೆಯಿಂದ ಬಾಲದವರೆಗೆ ಅದೇ ಸಂಖ್ಯೆ. ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದೆ, ಅದೇ, ಅದೇ. ನಾನು ಹರಕೆ ಹೊತ್ತ ಆ ಹತ್ತಂಕಿಯ ಸಂಖ್ಯೆಗೆ ಅವರ ಸಾಲು ಬಹಳ ಹಿಂದೆಯೇ ಬೇರೆ ದಿಕ್ಕಿನಿಂದ ಬಂದು ಮುಟ್ಟಿ ಹೋಗಿತ್ತು. ಕೂಡಿತ್ತು. ಕೂಡಿದ ಮೇಲೆ ಇಷ್ಟು ದಿನ ನಾನು ಬೀಗರು ನಡೆದ ದಾರಿಯನ್ನೇ ನನ್ನದು ಎಂದು ನಡೆಯುತ್ತಿದ್ದೆ. ಕೆಳಗಿಳಿದವನು ಹೋಲಿಸಿ ನೋಡಬೇಕು ಎಂಬ ಮೊದಲನೆಯ ಪಾಠವನ್ನೇ ಮರೆತಿದ್ದೆ. ಸಾಯುತ್ತದೆಯೋ ಎಂಬ ಭಯದಲ್ಲಿ, ಸಾಯಲಿಲ್ಲ ಎಂಬ ಸಂತೋಷದಲ್ಲಿ, ಮೂರನೆಯದೊಂದು ಇದೆ ಎಂದು ಹೊಳೆದಿರಲೇ ಇಲ್ಲ.

ಸಾಲು ಹೋದದ್ದಕ್ಕೆ ದುಃಖವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ರವಿವಾರ ಹೋಯಿತಲ್ಲ ಎಂದು ಎದೆ ಒಡೆಯಿತು. ನೀಲಾಗೆ ಹೇಳಿದೆ. ಆ ಕಂಪ್ಯೂಟರನ್ನು ಹೊರಗೆ ಎಸೆಯಿರಿ ಎಂದು ವರ್ಷಗಟ್ಟಲೆ ಕಾಡಿದವಳು ನನ್ನ ಕೈ ಹಿಡಿದುಕೊಂಡಳು.

"ಹೇಳಬ್ಯಾಡ್ರಿ. ಸುಮ್ಮ ಓದಕೋತ ಹೋಗ್ರಿ. ನಿಮಗ ಕೈ ಮುಗೀತೀನಿ," ಎಂದಳು.

ಆ ವಾರ ಹೇಗೆ ಕಳೆಯಿತು ಎಂದು ಕೇಳಬೇಡಿ. ಸೋಮವಾರ ಹೇಳಬಾರದು ಎಂದುಕೊಂಡೆ, ಮಂಗಳವಾರ ಹೇಳಬೇಕು ಎಂದುಕೊಂಡೆ. ಕೂಡಿದ್ದು ಗೊತ್ತಿದ್ದೂ ಬೇರೆ ಎಂದು ಓದುವುದು ನಮ್ಮ ಬಳಗದಲ್ಲಿ ಕಳ್ಳತನಕ್ಕಿಂತ ಕಡೆ. ಅದಕ್ಕಿಂತ ಮಿಗಿಲಾಗಿ, ಸುಳ್ಳು ಬಾಲ ಓದಿದರೆ ನನ್ನ ದನಿ ನಡುಗುತ್ತದೆ, ಬೀಗರಿಗೆ ತಿಳಿಯುತ್ತದೆ. ಹೆಣ್ಣು ಕೊಟ್ಟವನು ಅಂಕಿಯಲ್ಲೂ ಮೋಸ ಮಾಡಿದ ಎಂದಾದರೆ ಮಗಳ ಗತಿ ಏನು? ಅಂಜುಬುರುಕನ ಪ್ರಾಮಾಣಿಕತೆಯ ಮೂಲ ಬಹುಮಟ್ಟಿಗೆ ಇಂಥದೇ ಇರುತ್ತದೆ.

ರವಿವಾರ ಬಂತು. ನನಗೆ ಕಿವಿ ಸ್ವಲ್ಪ ಮಂದ, ಅಂಕಿ ತಪ್ಪಬಾರದೆಂದು ಫೋನನ್ನು ಸ್ಪೀಕರಿಗೆ ಹಾಕಿ ಟೇಬಲ್ಲಿನ ಮೇಲಿಡುತ್ತೇನೆ. ಶೈಲಾ ಅವತ್ತೂ ಮಾಳಿಗೆ ಏರಲಿಲ್ಲ. ಬೀಗರು ಎಂದಿನಂತೆ ಬಾಲ ಕೇಳಿದರು. ನಾನು ಒಂದೇ ಉಸಿರಿಗೆ, ನನ್ನ ಸಾಲು ನಿಮ್ಮ ಸಾಲಿಗೆ ಕೂಡಿದೆ, ನೋಡದೇ ಹೋದದ್ದು ನನ್ನ ತಪ್ಪು, ಇವತ್ತಿನಿಂದ ಬಿಡುತ್ತೇನೆ ಎಂದುಬಿಟ್ಟೆ. ಅಡಿಗೆಮನೆಯಲ್ಲಿ ನೀಲಾಳ ಪಾತ್ರೆ ಸಪ್ಪಳ ನಿಂತಿತು.

ಬೀಗರು ಈ ಸಲ ಛಲೋ ಆತ್ರಿ ಅನ್ನಲಿಲ್ಲ.

"ನನಗ ಗೊತ್ತೈತ್ರಿ, ಬೀಗರ. ನೀವು ಏರೇತಿ ಅಂದ ದಿವಸಾನ ಗೊತ್ತಾಗಿತ್ತು."

ಹಾಗಿದ್ದರೆ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರ ಮುಂದಿನ ರವಿವಾರ ನೀವು ಯಾತಕ್ಕ ಫೋನ್ ಮಾಡ್ತಿದ್ರಿ?" ಎಂದರು. ಆಮೇಲೆ ದನಿ ಸ್ವಲ್ಪ ಇಳಿಸಿದರು. "ನಮ್ಮ ಹುಡುಗ ಬಾಗಿಲದಾಗ ನಿಂತು ಕೇಳತಾನ್ರಿ. ಅಂಕಿ ಅಲ್ಲ. ನೀವು ಓದೂಮುಂದ ಹಿಂದ ಮನ್ಯಾಗಿನ ಸಪ್ಪಳ ಬರತೈತಲ್ಲ, ಪಾತ್ರಿದ್ದು, ಹೆಜ್ಜಿದ್ದು, ಅದನ್ನ ಕೇಳತಾನ. ನಾ ಹೆಂಗ ಹೇಳಲಿ?"

ಹಿಂದೆ ರೈಲು ಹೋಯಿತು, ಟೇಬಲ್ಲು ನಡುಗಿತು. ಶೈಲಾ ಮೊರ ಬದಿಗಿಟ್ಟು ಎದ್ದು ಬಂದಳು. ಸೆರಗಿಗೆ ಕೈ ಒರೆಸಿಕೊಂಡು, ಸ್ಪೀಕರು ಆರಿಸಿ, ಫೋನನ್ನು ಕಿವಿಗೆ ಹಿಡಿದಳು.

"ಮಾವಾರ, ಅಪ್ಪನ ಸಾಲು ಹೋತು. ಇನ್ನ ಮ್ಯಾಲೆ ನಿಮ್ಮದನ್ನ ನನಗ ಓದ್ರಿ. ನಾ ಬರಕೋತೀನಿ."

ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಟೇಬಲ್ಲಿನ ಮೇಲಿದ್ದ ಹಳೆಯ ಪೇಪರಿನ ಅಂಚಿಗೆ ಬರೆಯತೊಡಗಿದಳು. ಆರು, ಎಂದಳು. ಎರಡು. ಸೊನ್ನಿ. ಒಂಬತ್ತು. ಆರು. ನೀಲಾ ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತಳು. ಏನಾದರೂ ಕೇಳಿಬಿಟ್ಟಾಳು ಎಂದು ನಾನು ತುಟಿಯ ಮೇಲೆ ಬೆರಳಿಟ್ಟೆ.

ಬಾಲ ಎಂದರೆ ಐದೇ ಅಂಕಿ. ಐದೂ ಬರೆದಾಗಿತ್ತು. ಶೈಲಾ ಪೆನ್ನು ಕೆಳಗಿಟ್ಟಳು. ಫೋನು ಕಿವಿಯಲ್ಲೇ ಇತ್ತು. ಆ ಕಡೆ ಯಾರೂ ಮಾತಾಡುತ್ತಿಲ್ಲವೇನೋ ಅನ್ನುವಷ್ಟು ಹೊತ್ತು ಸುಮ್ಮನೆ ನಿಂತಿದ್ದಳು. ಆಮೇಲೆ ಗೋಡೆಯ ಕಡೆ ತಿರುಗಿ ಬಹಳ ಸಣ್ಣ ದನಿಯಲ್ಲಿ ಕೇಳಿದಳು.

"ನಾಷ್ಟಾ ಮಾಡೀರಿ?"

ಮಾವನನ್ನು ಆ ದನಿಯಲ್ಲಿ ಯಾರೂ ಕೇಳುವುದಿಲ್ಲ, ಆ ಕಡೆ ಫೋನು ಕೈ ಬದಲಿಸಿತ್ತು. ನಾನು ನೀಲಾಳ ಕಡೆ ತಿರುಗಿ, ಒಳಗೆ ಹೋಗಿ ಪಾತ್ರೆ ಸಪ್ಪಳ ಮಾಡು ಎಂದು ಕೈಸನ್ನೆ ಮಾಡಿದೆ.